2026ರ ಮೇ 7ರ ಕೌನ್ಸಿಲ್ ಚುನಾವಣೆ: ನಮ್ಮ ವಾರ್ಡಿನ ಮೂರು ಮತಕ್ಕೆ ಬೆಲೆ ಇದೆಯಾ?

ಬಸವನಗುಡಿ ಟು ಸ್ಟ್ರೆಟಮ್

ಎಲ್ಲರಿಗೂ ನಮಸ್ಕಾರ. ದಕ್ಷಿಣ ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್ (ನಮ್ಮ ಪಾಲಿಕೆ ಥರ) ವ್ಯಾಪ್ತಿಯಲ್ಲಿ ಬಾಡಿಗೆ ಮನೆ ನಮ್ದು. ಯಜಮಾನ್ರು ಸ್ಕಿಲ್ಡ್ ವರ್ಕರ್ ವೀಸಾ, ನಾನು ಡಿಪೆಂಡೆಂಟ್. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಬರೋ ಮೇ 7ಕ್ಕೆ ಕೌನ್ಸಿಲ್ ಚುನಾವಣೆ, ನಿಮಗೂ ವೋಟು ಇದೆ ಅಂತ ಪಕ್ಷದವರು ಬಾಗಿಲಿಗೆ ಬಂದು ಹೇಳಿ ಹೋದ್ರು. ಇದು ನಿಜಾನಾ?

ನಿಜವಾದರೆ ಮುಂದಿನ ಪ್ರಶ್ನೆ. ನಮ್ಮ ವಾರ್ಡಿಗೆ ಮೂವರು ಕೌನ್ಸಿಲರ್, ಹಾಗಾಗಿ ಒಬ್ಬೊಬ್ಬರಿಗೂ ಮೂರು ಮತ ಅಂತೆ. ಈ ಕೌನ್ಸಿಲ್‌ನಲ್ಲಿ 63ರಲ್ಲಿ 58 ಸೀಟು ಕಳೆದ ಸಲ ಒಂದೇ ಪಕ್ಷಕ್ಕೆ ಬಂದಿದೆ ಅಂತ ಓದಿದೆ. ಹಂಗಿದ್ದಮೇಲೆ ನಾನು ಹೋಗಿ ಹಾಕಿದ್ರೂ ಒಂದೇ, ಮನೇಲಿ ಕೂತ್ರೂ ಒಂದೇ ಅಲ್ವಾ? ಪಟ್ಟಿಯಲ್ಲಿ ನಮ್ಮ ಕಡೆಯವರ ಥರ ಕಾಣೋ ಹೆಸರು ಯಾವುದಾದ್ರೂ ಇದ್ರೆ ಅದಕ್ಕೆ ಹಾಕಿ ಸುಮ್ಮನಾಗಲಾ?

ರೆಡಿಂಗ್ ರಾಯರು

ಮೊದಲ ಪ್ರಶ್ನೆಗೆ ಉತ್ತರ ಹೌದು. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವಾಸವಾಗಿದ್ದು, ಯಾವುದೇ ಬಗೆಯ ವೀಸಾ ಚಾಲ್ತಿಯಲ್ಲಿರುವ 18 ತುಂಬಿದ ಕಾಮನ್‌ವೆಲ್ತ್ ಪ್ರಜೆ ಮತದಾರರ ಪಟ್ಟಿಗೆ ಸೇರಬಹುದು. ಡಿಪೆಂಡೆಂಟ್, ವಿದ್ಯಾರ್ಥಿ ಎಲ್ಲರೂ ಇದರಲ್ಲಿ ಸೇರುತ್ತಾರೆ. ಕೌನ್ಸಿಲ್‌ಗೆ ಮಾತ್ರವಲ್ಲ, ಪಾರ್ಲಿಮೆಂಟಿಗೂ ಮತ ಹಾಕಬಹುದು. ಇದರಿಂದ ಭಾರತದ ಪೌರತ್ವಕ್ಕೆ ಏನೂ ಆಗುವುದಿಲ್ಲ, ಆ ಭಯ ಬಿಡಿ.

ಆದರೆ ಹೆಸರು ತಾನಾಗಿ ಪಟ್ಟಿಗೆ ಬರುವುದಿಲ್ಲ, ನೀವೇ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿದ್ದರೆ ಬೇಗ ಮುಗಿಯುತ್ತದೆ. ಮತದಾನಕ್ಕೆ 12 ಕೆಲಸದ ದಿನ ಮೊದಲು ಬಾಗಿಲು ಮುಚ್ಚುತ್ತದೆ, ಅಂದರೆ ಈ ಸಲ ಏಪ್ರಿಲ್ 20ರ ಮಧ್ಯರಾತ್ರಿ. ಗಂಡ ನೋಂದಾಯಿಸಿದರೆ ಹೆಂಡತಿಯದೂ ಆದಂತಲ್ಲ. 2014ರಿಂದ ಇಲ್ಲಿ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು.

ಇನ್ನೊಂದು, ನಮ್ಮವರೇ ಹೆಚ್ಚು ಎಡವುವ ಜಾಗ: ಹೆಸರು. 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಪತ್ರ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಆದರೆ ಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಕಿರಿಕಿರಿ. ನಮ್ಮಲ್ಲಿ ಅಪ್ಪನ ಹೆಸರು, ಊರ ಹೆಸರು, ಇನಿಷಿಯಲ್ಲು ಅಂತ ಒಂದೊಂದು ಕಾಗದದಲ್ಲಿ ಒಂದೊಂದು ಥರ. ಅರ್ಜಿ ಹಾಕುವಾಗ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಒಂದಕ್ಷರ ಬಿಡದೆ ತುಂಬಿಸಿ.

ಕುಡ್ಲದ ನರ್ಸ್, ಹೌನ್ಸ್ಲೋ

ರಾಯರು ಹೇಳಿದ್ದು ಸರಿ. ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಇಟಲಿಯ ಹುಡುಗಿ ಉಂಟು. ಬಂದದ್ದು 2022ರಲ್ಲಿ. ಅವಳಿಗೆ ಕೌನ್ಸಿಲ್ ಚುನಾವಣೆಗೂ ಮತ ಇಲ್ಲ. ಬ್ರೆಕ್ಸಿಟ್ ನಂತರ ಬಂದ ಯುರೋಪಿನವರಲ್ಲಿ ಪೋರ್ಚುಗಲ್, ಸ್ಪೇನ್, ಪೋಲೆಂಡ್ ಥರ ಒಪ್ಪಂದ ಮಾಡಿಕೊಂಡ ಕೆಲವು ದೇಶದವರಿಗೆ ಮಾತ್ರ. ಇಲ್ಲಿಂದ ಎರಡು ಗಂಟೆ ದೂರದವಳಿಗೆ ಇಲ್ಲ, ಮಂಗಳೂರಿನವಳಿಗೆ ಉಂಟು. ಅವಳಿಗೆ ಎಂತ ಸಿಟ್ಟು ಗೊತ್ತುಂಟಾ!

ಕಲಬುರಗಿ ಕಾಕಾ

ತಂಗಿ, ನೀ ಇರೋ ಲ್ಯಾಂಬೆತ್ ಯಾವ ಊರಂತ ತಿಳ್ಕೊಂಡಿ? ಥೇಮ್ಸ್ ದಂಡಿ ಮ್ಯಾಲ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಾಗ ಬಸವಣ್ಣನವರ ಮೂರ್ತಿ ಅದ ನೋಡು, 2015ರ ನವೆಂಬರ್ 14ಕ್ಕ ಪ್ರಧಾನಿ ಮೋದಿಯವರು ಬಂದು ಉದ್ಘಾಟನೆ ಮಾಡಿದ್ದು, ಅದು ಲ್ಯಾಂಬೆತ್‌ನಾಗೇ ಬರ್ತದ. ಅದರ ಹಿಂದ ಓಡಾಡಿದವರು ನಮ್ಮ ಕಡೀ ಡಾಕ್ಟರ್ ನೀರಜ್ ಪಾಟೀಲರು. ಲೇಬರ್ ಪಕ್ಷದ ಕೌನ್ಸಿಲರ್ ಆಗಿದ್ರು, 2010-11ರಾಗ ಲ್ಯಾಂಬೆತ್ ಮೇಯರ್ ಸೈತ ಆಗಿದ್ರು. 2017ರಾಗ ಪಟ್ನಿಯಿಂದ ಪಾರ್ಲಿಮೆಂಟಿಗೂ ನಿಂತಿದ್ರು, ಆಗಿನ ಶಿಕ್ಷಣ ಮಂತ್ರಿ ಜಸ್ಟಿನ್ ಗ್ರೀನಿಂಗ್ ಎದುರಿಗೆ 1,554 ಮತದಾಗ ಸೋತ್ರು. ಕಲಬುರಗಿ ಮಂದಿ ಇಲ್ಲಿ ಬಂದು ಮೇಯರ್ ಆಗ್ತಾರಂದ್ರ ವೋಟಿಗೆ ಬೆಲಿ ಇಲ್ಲ ಅಂತ ಹ್ಯಾಂಗ ಅಂತೀರಿ? ನಮ್ಮವರು ನಿಂತ್ರ ನಾವು ಹಾಕಲೇಬೇಕು.

ಟೂಟಿಂಗ್ ತಿಮ್ಮ

ಕಾಕಾ, ಅವರ ಬಗ್ಗೆ ಗೌರವ ಇದೆ. ಆದರೆ ಮೇಯರ್ ಅಂದ ಕೂಡಲೇ ಅಧಿಕಾರ ಅಂತ ಓದುವವರು ತಿಳ್ಕೊಬಾರದು. ಲ್ಯಾಂಬೆತ್‌ನ ಮೇಯರ್ ಹುದ್ದೆ ಒಂದು ವರ್ಷದ ಗೌರವದ ಹುದ್ದೆ. ಕೊರಳಿಗೆ ಸರ, ಸಭೆಯ ಅಧ್ಯಕ್ಷತೆ, ಶಾಲಾ ಸಮಾರಂಭ. ದುಡ್ಡು, ನೀತಿ ಎಲ್ಲ ಇರೋದು ಲೀಡರ್ ಮತ್ತು ಕ್ಯಾಬಿನೆಟ್ ಹತ್ತಿರ. ಗೆದ್ದ ಕೌನ್ಸಿಲರ್‌ಗಳು ಲೀಡರ್‌ನ ಆರಿಸುತ್ತಾರೆ, ಲೀಡರ್ ಹೆಚ್ಚೆಂದರೆ ಒಂಬತ್ತು ಜನರನ್ನ ಕ್ಯಾಬಿನೆಟ್‌ಗೆ ತಗೋತಾರೆ. ಮಿಕ್ಕ ಐವತ್ತು ಚಿಲ್ಲರೆ ಜನ ಕೈ ಎತ್ತೋದು, ಪ್ರಶ್ನೆ ಕೇಳೋದು, ವಾರ್ಡಿನ ದೂರು ಹೊರೋದು. ಹತ್ತಿರದ ಕ್ರಾಯ್ಡನ್, ಲೂಯಿಶಮ್‌ನಲ್ಲಿ ಜನರೇ ನೇರವಾಗಿ ಆರಿಸೋ ಮೇಯರ್ ಇದ್ದಾರೆ, ಅದು ಬೇರೆ ಕಥೆ.

(ಅನುಭವ ಮಂಟಪಾನೇ ಪಾರ್ಲಿಮೆಂಟ್ ಅನ್ನೋ ಭಾಷಣಕ್ಕೆ ಮಾತ್ರ ಈಗ ಕೈ ಹಾಕಬೇಡಿ ಕಾಕಾ, ಈ ಪುಟ ಅಲ್ಲೇ ಮುಗಿದುಹೋಗುತ್ತೆ.)

ಕಲಬುರಗಿ ಕಾಕಾ

ಕೈ ಹಾಕೂದಿಲ್ಲ ತಿಮ್ಮಪ್ಪ, ಆದ್ರ ಮನಸ್ಸಿನಾಗ ಅದ!

ಟೂಟಿಂಗ್ ತಿಮ್ಮ

ಈಗ ಅಕ್ಕನ ಅಸಲಿ ಪ್ರಶ್ನೆಗೆ ಬರೋಣ. 63ರಲ್ಲಿ 58 ಹೇಗೆ ಬಂತು? 2022ರಲ್ಲಿ ಲ್ಯಾಂಬೆತ್ ಫಲಿತಾಂಶ: ಲೇಬರ್ 58, ಲಿಬರಲ್ ಡೆಮಾಕ್ರಾಟ್ 3, ಗ್ರೀನ್ 2, ಕನ್ಸರ್ವೇಟಿವ್ ಸೊನ್ನೆ. ಇದನ್ನ ನೋಡಿ ಇಡೀ ಲ್ಯಾಂಬೆತ್ ನೂರಕ್ಕೆ ತೊಂಬತ್ತೆರಡು ಪಾಲು ಲೇಬರ್ ಭಕ್ತರು ಅಂದುಕೊಳ್ಳಬೇಡಿ. ಎಣಿಸೋ ಪದ್ಧತಿ ಹಂಗಿದೆ.

ಒಂದು ವಾರ್ಡು ತಗೊಳ್ಳಿ, ಮೂರು ಸೀಟು. ಒಂದು ಪಕ್ಷಕ್ಕೆ ನೂರರಲ್ಲಿ ನಲವತ್ತು ಜನ, ಎರಡನೆಯದಕ್ಕೆ ಮೂವತ್ತೈದು, ಮೂರನೆಯದಕ್ಕೆ ಇಪ್ಪತ್ತೈದು ಅಂತಿಟ್ಟುಕೊಳ್ಳಿ. ಎಲ್ಲರೂ ತಮ್ಮ ಮೂರೂ ಮತ ತಮ್ಮ ಪಕ್ಷದ ಮೂವರಿಗೇ ಹಾಕಿದರೆ, ನಲವತ್ತರ ಪಕ್ಷದ ಮೂವರೂ ಮೊದಲ ಮೂರು ಸ್ಥಾನಕ್ಕೆ ಬರ್ತಾರೆ. ಮೂರಕ್ಕೆ ಮೂರೂ ಅವರದೇ. ಅರವತ್ತು ಜನಕ್ಕೆ ವಾರ್ಡಿನಲ್ಲಿ ಯಾರೂ ಇಲ್ಲ. ಊರಿನ ಎಲ್ಲ ವಾರ್ಡಲ್ಲೂ ಇದೇ ನಡೆದರೆ ಕೌನ್ಸಿಲ್ ಪೂರ್ತಿ ಒಂದೇ ಬಣ್ಣ. ಇದು ಬರೀ ಲೆಕ್ಕದ ಮಾತಲ್ಲ. ನ್ಯೂಹ್ಯಾಮ್‌ನಲ್ಲಿ 2010, 2014, 2018 ಮೂರು ಸಲವೂ 60ಕ್ಕೆ 60 ಲೇಬರ್. ಲೂಯಿಶಮ್‌ನಲ್ಲಿ 2018, 2022 ಎರಡು ಸಲವೂ 54ಕ್ಕೆ 54. ಮ್ಯಾಂಚೆಸ್ಟರ್‌ನಲ್ಲಿ 2014ರಿಂದ ಎರಡು ವರ್ಷ 96 ಜನರಲ್ಲಿ ವಿರೋಧ ಪಕ್ಷ ಅನ್ನೋದೇ ಇರಲಿಲ್ಲ. 2016ರಲ್ಲಿ ಡಿಡ್ಸ್‌ಬರಿ ವೆಸ್ಟ್ ವಾರ್ಡಿನಿಂದ ಮಾಜಿ ಎಂಪಿ ಜಾನ್ ಲೀಚ್ ಗೆದ್ದು ಬಂದು ಒಬ್ಬರೇ ವಿರೋಧ ಪಕ್ಷ ಆದ್ರು.

ಪಕ್ಷದ ಹೆಸರು ಇಲ್ಲಿ ಮುಖ್ಯ ಅಲ್ಲ. ಬೇರೆ ಊರಲ್ಲಿ ಇದೇ ಪದ್ಧತಿ ಕನ್ಸರ್ವೇಟಿವ್‌ಗೂ ಲಿಬರಲ್ ಡೆಮಾಕ್ರಾಟ್‌ಗೂ ಇಷ್ಟೇ ಧಾರಾಳವಾಗಿ ಕೊಟ್ಟಿದೆ.

ಬಸವನಗುಡಿ ಟು ಸ್ಟ್ರೆಟಮ್

ಅಂದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲ ತಿಮ್ಮಣ್ಣ! ಹಾಕಿದ್ರೂ ಒಂದೇ.

ಟೂಟಿಂಗ್ ತಿಮ್ಮ

ಅಲ್ಲ ಅಕ್ಕ, ಅಲ್ಲೇ ಇದೆ ಗಮ್ಮತ್ತು. ಮೂರೂ ಮತ ಒಂದೇ ಪಕ್ಷಕ್ಕೆ ಹಾಕಬೇಕು ಅಂತ ಕಾನೂನಿಲ್ಲ. ಒಂದು ಇವರಿಗೆ, ಒಂದು ಅವರಿಗೆ, ಇನ್ನೊಂದು ಪಕ್ಷೇತರರಿಗೆ ಹಾಕಬಹುದು. ಮೂರು ಹಾಕಲೇಬೇಕು ಅಂತಲೂ ಇಲ್ಲ. ಒಬ್ಬರೇ ಗೆಲ್ಲಬೇಕು ಅನ್ನೋ ಆಸೆ ಇದ್ದರೆ ಒಂದೇ ಮತ ಹಾಕಿ, ಮಿಕ್ಕ ಎರಡು ಖಾಲಿ ಬಿಡಿ. ಆಗ ನಿಮ್ಮ ಕೈಯಿಂದಲೇ ಅವರ ಎದುರಾಳಿಗೆ ಮತ ಹೋಗೋದು ತಪ್ಪುತ್ತೆ. ನಾಲ್ಕು ಗುರುತು ಹಾಕಿದ್ರೆ ಮಾತ್ರ ಚೀಟಿ ಕುಲಗೆಟ್ಟು ಹೋಗುತ್ತೆ.

ಇನ್ನು ಎಣಿಕೆ. 2022ರಲ್ಲಿ ಲಂಡನ್ನಿನಲ್ಲಿ ಮತ ಹಾಕಿದ್ದು ಸರಿಸುಮಾರು ಮೂರರಲ್ಲಿ ಒಬ್ಬರು. ವಾರ್ಡಿನ ಮೂರನೇ ಸೀಟಿಗೂ ನಾಲ್ಕನೇ ಸ್ಥಾನಕ್ಕೂ ನಡುವೆ ಎಷ್ಟೋ ಕಡೆ ಕೆಲವೇ ಮತದ ಅಂತರ ಇರುತ್ತೆ. 2017ರಲ್ಲಿ ನಾರ್ತಂಬರ್ಲೆಂಡ್ ಕೌಂಟಿಯ ಸೌತ್ ಬ್ಲೈತ್ ವಾರ್ಡಿನಲ್ಲಿ ಇಬ್ಬರಿಗೆ ಸಮ ಸಮ ಬಿತ್ತು. ಮತ್ತೆ ಮತ್ತೆ ಎಣಿಸಿದರೂ ಸಮ. ಕೊನೆಗೆ ಕಡ್ಡಿ ಎಳೆಸಿದರು. ಉದ್ದದ ಕಡ್ಡಿ ಲಿಬರಲ್ ಡೆಮಾಕ್ರಾಟ್ ಕೈಗೆ ಬಂತು, 67 ಸೀಟಿನ ಕೌನ್ಸಿಲ್‌ನಲ್ಲಿ ಕನ್ಸರ್ವೇಟಿವ್ ಪಕ್ಷ 33ಕ್ಕೇ ನಿಂತು ಬಹುಮತ ತಪ್ಪಿತು. ಆ ವಾರ್ಡಲ್ಲಿ ಒಬ್ಬ ಸೋಮಾರಿ ಎದ್ದು ಹೋಗಿದ್ದರೆ ಕಡ್ಡಿ ಬೇಕಿರಲಿಲ್ಲ.

ನನ್ನ ಲೆಕ್ಕ ಇಷ್ಟೇ. ಲ್ಯಾಂಬೆತ್‌ನಂಥ ಕಡೆ ಅಧಿಕಾರ ಯಾರದು ಅನ್ನೋದನ್ನ ನಿಮ್ಮ ಮತ ಬದಲಿಸದೇ ಇರಬಹುದು. ಆದರೆ ಮೂರರಲ್ಲಿ ಒಬ್ಬರನ್ನಾದರೂ ಬೇರೆ ಕಡೆಯಿಂದ ತರೋ ತಾಕತ್ತು ಅದಕ್ಕಿದೆ. ಆ ಒಬ್ಬರು ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದರೆ ಉತ್ತರ ದಾಖಲೆಗೆ ಹೋಗುತ್ತೆ.

ರೆಡಿಂಗ್ ರಾಯರು

ತಿಮ್ಮನ ಮಾತು ಲಂಡನ್ನಿಗೆ ಸರಿ. ಎಲ್ಲ ಊರಿಗೂ ಹಾಗಲ್ಲ. ಲ್ಯಾಂಬೆತ್‌ನಲ್ಲೇ 25 ವಾರ್ಡುಗಳಲ್ಲಿ ಕೆಲವಕ್ಕೆ ಎರಡೇ ಸೀಟು. ನಮ್ಮ ರೆಡಿಂಗ್‌ನಲ್ಲಿ 16 ವಾರ್ಡು, 48 ಕೌನ್ಸಿಲರ್. ವಾರ್ಡಿಗೆ ಮೂವರಾದರೂ ಒಂದು ವರ್ಷಕ್ಕೆ ಒಬ್ಬರಂತೆ ಸರದಿಯಲ್ಲಿ ಆರಿಸುತ್ತೇವೆ, ನಾಲ್ಕನೇ ವರ್ಷ ಬಿಡುವು. ಮತ ಒಂದೇ. ನಾಲ್ಕರಲ್ಲಿ ಮೂರು ವರ್ಷ ಮೇ ತಿಂಗಳಿಗೆ ಯಾರಾದರೊಬ್ಬರು ಬಾಗಿಲು ತಟ್ಟಲೇಬೇಕು ಎನ್ನುವುದು ಇದರ ಲಾಭ. ಸದಾ ಚುನಾವಣೆಯ ಗುಂಗಿನಲ್ಲಿ ಕಠಿಣ ನಿರ್ಧಾರ ಮುಂದೆ ಹಾಕುತ್ತಾರೆ ಎನ್ನುವುದು ನಷ್ಟ.

ಸ್ಕಾಟ್ಲೆಂಡಿನಲ್ಲಿ 2007ರಿಂದ ಕೌನ್ಸಿಲ್ ಚುನಾವಣೆಗೆ 1, 2, 3 ಎಂದು ಇಷ್ಟದ ಕ್ರಮ ಬರೆಯುವ ಪದ್ಧತಿ. ಉತ್ತರ ಐರ್ಲೆಂಡಿನಲ್ಲಿ 1973ರಿಂದಲೇ ಇದೆ. ಒಂದೇ ಪಕ್ಷ ಎಲ್ಲವನ್ನೂ ಗುಡಿಸಿಕೊಂಡು ಹೋಗುವುದು ಅಲ್ಲಿ ಕಷ್ಟ. ಇಂಗ್ಲೆಂಡ್ ಇನ್ನೂ ಹಳೆಯ ಅಡ್ಡ ಗುರುತಿಗೇ (X) ಅಂಟಿಕೊಂಡಿದೆ.

ಬರ್ಮಿಂಗ್‌ಹ್ಯಾಮ್ ಬಸಣ್ಣ

ನೀವೆಲ್ಲ ಮತದ ಲೆಕ್ಕದಲ್ಲೇ ಇದ್ದೀರಿ. ಗೆದ್ದವರ ಕೈಯಲ್ಲಿ ಏನು ಉಳಿದಿದೆ ಅಂತ ನಮ್ಮೂರಿಗೆ ಬಂದು ನೋಡಿ.

ಮೊದಲು ನಮ್ಮಲ್ಲಿ 40 ವಾರ್ಡು, 120 ಕೌನ್ಸಿಲರ್ ಇದ್ದರು. ಇಷ್ಟು ದೊಡ್ಡ ಕೌನ್ಸಿಲ್ ಸರಿಯಾಗಿ ನಡೀತಿಲ್ಲ ಅಂತ 2014ರಲ್ಲಿ ಸರ್ ಬಾಬ್ ಕರ್ಸ್ಲೇಕ್ ವರದಿ ಬಂತು. 2018ರಿಂದ 69 ವಾರ್ಡು, 101 ಕೌನ್ಸಿಲರ್. 37 ವಾರ್ಡಿಗೆ ಒಬ್ಬರೇ, 32ಕ್ಕೆ ಇಬ್ಬರು. ಇದರಿಂದ 'ನಮ್ಮ ಕೌನ್ಸಿಲರ್ ಯಾರು' ಅನ್ನೋ ಗೊಂದಲ ತಪ್ಪಿತು. ಕಸ ಎತ್ತಿಲ್ಲ ಅಂದ್ರೆ ಫೋನ್ ಯಾರಿಗೆ ಮಾಡಬೇಕು ಅಂತ ಗೊತ್ತು. ಆದರೆ ಆ ಒಬ್ಬರು ಸರಿ ಇಲ್ಲದಿದ್ದರೆ ನಾಲ್ಕು ವರ್ಷ ಗತಿಯಿಲ್ಲ. ಮೂವರಿದ್ದ ಕಡೆ ಒಬ್ಬರು ಫೋನ್ ಎತ್ತದಿದ್ರೆ ಇನ್ನೊಬ್ಬರು ಎತ್ತುತ್ತಾರೆ.

ಆಮೇಲೆ 2023ರ ಸೆಪ್ಟೆಂಬರ್‌ನಲ್ಲಿ ಸೆಕ್ಷನ್ 114 ನೋಟಿಸ್. ಅಂದರೆ ಖಜಾನೆ ಖಾಲಿ, ಕಾನೂನು ಮಾಡಲೇಬೇಕು ಅಂದಿರೋ ಕೆಲಸ ಬಿಟ್ಟು ಹೊಸ ಖರ್ಚು ಇಲ್ಲ. ಹೆಣ್ಣುಮಕ್ಕಳಿಗೆ ಸಮಾನ ವೇತನ ಕೊಡದೆ ಉಳಿಸಿಕೊಂಡ ಹಳೇ ಬಾಕಿ, ಅದರ ಮೇಲೆ ಎಡವಟ್ಟಾದ ಹೊಸ ಕಂಪ್ಯೂಟರ್ ವ್ಯವಸ್ಥೆ. ಕೌನ್ಸಿಲ್ ಮೇಲೆ ನಿಗಾ ಇಡೋಕೆ ಸರ್ಕಾರ ಕಮಿಷನರ್‌ಗಳನ್ನ ಕಳಿಸಿತು. ಕೌನ್ಸಿಲ್ ಟ್ಯಾಕ್ಸ್ 2024ರಲ್ಲಿ 9.99%, 2025ರಲ್ಲಿ 7.49% ಏರಿತು. ಜನರ ಒಪ್ಪಿಗೆ ಕೇಳದೆ 5% ಮೇಲೆ ಏರಿಸುವಂತಿಲ್ಲ ಅನ್ನೋ ನಿಯಮಕ್ಕೆ ಸರ್ಕಾರವೇ ವಿನಾಯಿತಿ ಕೊಟ್ಟಿತು. 2025ರ ಮಾರ್ಚ್‌ನಿಂದ ಕಸದ ಲಾರಿಯವರ ಪೂರ್ಣ ಮುಷ್ಕರ. ರಸ್ತೆ ಬದಿ ಕರಿ ಚೀಲದ ಗುಡ್ಡೆ, ಇಲಿ ಕಾಟ. ದಾವಣಗೆರೆಗೆ ವಿಡಿಯೋ ಕಾಲ್ ಮಾಡಿದಾಗ ನಮ್ಮಮ್ಮ 'ನೀನಿರೋದು ಲಂಡನ್ ದೇಶವೋ ಬೇರೆಯೋ' ಅಂದ್ರು.

ಆ ಕಮಿಷನರ್‌ಗಳಿಗೆ ನಾನು ಮತ ಹಾಕಿಲ್ಲ. ಅವರನ್ನ ತೆಗೆಯೋ ಮತವೂ ನನ್ನ ಹತ್ರ ಇಲ್ಲ. ಕ್ರಾಯ್ಡನ್‌ಗೆ 2020ರಲ್ಲಿ, ಸ್ಲೌಗೆ 2021ರಲ್ಲಿ ಇದೇ ನೋಟಿಸ್ ಬಂದಿತ್ತು. ಪ್ರಾತಿನಿಧ್ಯ ಅಂತ ಚರ್ಚೆ ಮಾಡೋರು ಇದನ್ನೂ ಸೇರಿಸಿಕೊಳ್ಳಬೇಕು.

ರೆಡಿಂಗ್ ರಾಯರು

ಬಸಣ್ಣ, ಒಪ್ಪಿದೆ. ಆದರೆ ಆ ಸಾಲ, ಆ ಕಂಪ್ಯೂಟರ್ ಖರೀದಿ ಎಲ್ಲ ನಡೆದಾಗ ಲೆಕ್ಕ ಕೇಳಬೇಕಿದ್ದವರು ಯಾರು? ವಾರ್ಡಿನಿಂದ ಹೋದವರೇ. ಪರಿಶೀಲನಾ ಸಮಿತಿಗಳಲ್ಲಿ ಆಳುವ ಪಕ್ಷದವರೇ ಹೆಚ್ಚು, ಏಕೆಂದರೆ ಸಮಿತಿಯ ಸೀಟುಗಳನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚಬೇಕೆಂದು 1989ರ ಕಾಯ್ದೆಯೇ ಹೇಳುತ್ತದೆ. ಐವರೇ ಇರುವ ವಿರೋಧ ಪಕ್ಷ ಎಷ್ಟು ಸಮಿತಿಗೆ ಓಡಾಡೀತು? ತಿಮ್ಮ ಹೇಳಿದ ಮೂರನೇ ಸೀಟಿನ ಬೆಲೆ ಅಲ್ಲಿದೆ.

ಬರ್ಮಿಂಗ್‌ಹ್ಯಾಮ್ ಬಸಣ್ಣ

ನಮ್ಮಲ್ಲಿ 2022ರಲ್ಲಿ ಲೇಬರ್ 65, ವಿರೋಧ ಪಕ್ಷದವರು ಒಟ್ಟು 36 ಜನ ಇದ್ರಲ್ಲ ರಾಯರೇ. ಏನು ತಡೆದರು?

ರೆಡಿಂಗ್ ರಾಯರು

ಅದೂ ನಿಜ. ಸಂಖ್ಯೆ ಒಂದೇ ಸಾಲದು.

ಬಸವನಗುಡಿ ಟು ಸ್ಟ್ರೆಟಮ್

ದೊಡ್ಡ ವಿಷಯ ನನ್ನ ತಲೆ ಮೇಲೆ ಹಾದು ಹೋಗ್ತಿದೆ. ನಮ್ಮಂಥ ಬಾಡಿಗೆದಾರರಿಗೆ ಕೌನ್ಸಿಲರ್ ದಿನನಿತ್ಯಕ್ಕೆ ಏನು ಉಪಯೋಗ? ಬೆಂಗಳೂರಲ್ಲಾದರೆ ಕಾರ್ಪೊರೇಟರ್ ಆಫೀಸಿಗೆ ಹೋದ್ರೆ ಖಾತಾ, ಚರಂಡಿ, ಬೀದಿ ದೀಪ ಅಂತ ಏನೋ ಒಂದು ಆಗ್ತಿತ್ತು.

ಕುಡ್ಲದ ನರ್ಸ್, ಹೌನ್ಸ್ಲೋ

ನನ್ನ ಕಥೆ ಹೇಳ್ತೇನೆ. ಒಂದು ಹೌಸಿಂಗ್ ಸಂಸ್ಥೆಯ ಫ್ಲಾಟ್, ಮಗುವಿನ ಕೋಣೆಯ ಗೋಡೆ ಇಡೀ ಕಪ್ಪು ಬೂಷ್ಟು. ಫೋನ್ ಮಾಡಿದರೆ 'ಕಿಟಕಿ ತೆರೆದಿಡಿ' ಅಂತಾರೆ. ಜನವರಿಯಲ್ಲಿ ಕಿಟಕಿ ತೆರೆಯುವುದೆಂತ ಮಾರಾಯ್ರೆ! ಕೊನೆಗೆ ವಾರ್ಡಿನ ಮೂವರು ಕೌನ್ಸಿಲರ್‌ಗಳಿಗೂ ಫೋಟೋ ಹಾಕಿ ಇಮೇಲ್ ಬರೆದೆ. ಇಬ್ಬರು ಸುದ್ದಿಯಿಲ್ಲ. ಮೂರನೆಯವರು ಶನಿವಾರ ಲೈಬ್ರರಿಯಲ್ಲಿ ಜನರನ್ನು ನೋಡ್ತಾರೆ, ಸರ್ಜರಿ ಅಂತ ಕರೀತಾರೆ, ಅಲ್ಲಿಗೆ ಬನ್ನಿ ಅಂದ್ರು. ಹೆಸರು ಕೇಳಿ ನಾನು ಮೊದಲು ಆಸ್ಪತ್ರೆಯದ್ದು ಅಂತಲೇ ತಿಳ್ಕೊಂಡೆ.

ಅವರು ಬರೆದ ಪತ್ರಕ್ಕೆ ಅಧಿಕಾರಿಗಳು ಇಂತಿಷ್ಟು ದಿನದಲ್ಲಿ ಉತ್ತರ ಕೊಡಲೇಬೇಕು. ನಾವು ಬರೆದದ್ದು ಸರತಿಯಲ್ಲಿ ಕೊಳೀತದೆ, ಅವರು ಬರೆದದ್ದು ಬೇರೆ ಫೈಲಿಗೆ ಹೋಗ್ತದೆ. ಇನ್ಸ್‌ಪೆಕ್ಟರ್ ಬಂದ್ರು, ಗೋಡೆ ಕೆಲಸ ಆಯ್ತು. ಆ ಕೌನ್ಸಿಲರ್ ಪಂಜಾಬಿಯವರು. ಕನ್ನಡವೂ ಇಲ್ಲ, ತುಳುವೂ ಇಲ್ಲ. ನಾನು ಯಾರಿಗೆ ಮತ ಹಾಕಿದ್ದೆ ಅಂತ ಅವರು ಕೇಳಲೇ ಇಲ್ಲ.

ಟೂಟಿಂಗ್ ತಿಮ್ಮ

ಖಾತಾ ಗೀತಾ ಇಲ್ಲಿಲ್ಲ ಅಕ್ಕ. ಪಾರ್ಕಿಂಗ್ ಪರ್ಮಿಟ್, ಕಸ, ಲೈಬ್ರರಿ, ಕೌನ್ಸಿಲ್ ಮನೆ, ಖಾಸಗಿ ಮನೆ ಮಾಲೀಕರ ಲೈಸೆನ್ಸು, ಮರ ಕಡಿಯೋದು, ಪಕ್ಕದ ಮನೆಯವರು ಹಿಂದೆ ಕೋಣೆ ಎಳೆಯೋದು, ವಯಸ್ಸಾದವರ ಆರೈಕೆ, ವಿಶೇಷ ಅಗತ್ಯದ ಮಕ್ಕಳ ಶಾಲಾ ವ್ಯವಸ್ಥೆ ಇವೆಲ್ಲ ಕೌನ್ಸಿಲ್‌ದು. ದುಡ್ಡಿನ ದೊಡ್ಡ ಪಾಲು ಹೋಗೋದು ಆರೈಕೆಗೆ. ಬಾಗಿಲಿಗೆ ಬರೋರು ಮಾತಾಡೋದು ಮಾತ್ರ ಕಸದ ಬಗ್ಗೆ, ಯಾಕಂದ್ರೆ ಕಣ್ಣಿಗೆ ಕಾಣೋದು ಅದೇ.

ಜನ ಹೇಳಿದ್ದನ್ನ ಕೌನ್ಸಿಲ್ ಕೇಳದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ನಿಮ್ಮ ಲ್ಯಾಂಬೆತ್‌ನಲ್ಲೇ ಉದಾಹರಣೆ ಇದೆ. ವೆಸ್ಟ್ ಡಲಿಚ್‌ನಲ್ಲಿ ಒಳರಸ್ತೆಗಳಿಗೆ ಕಾರು ನುಗ್ಗದ ಹಾಗೆ ತಡೆ ಹಾಕೋ ಯೋಜನೆ ತಂದ್ರು. ನಿವಾಸಿಗಳು ತಮ್ಮ ಆಕ್ಷೇಪಗಳನ್ನೆಲ್ಲ ಸೇರಿಸಿ ದೊಡ್ಡ ವರದಿ ಕೊಟ್ಟರು. ಅದನ್ನ ಲೆಕ್ಕಕ್ಕೇ ತಗೊಳ್ಳದೆ ನಿರ್ಧಾರ ಮಾಡಿದ್ದು ಕಾನೂನುಬಾಹಿರ ಅಂತ 2025ರ ಮೇನಲ್ಲಿ ಹೈಕೋರ್ಟ್ ಹೇಳಿತು. ಆ ಯೋಜನೆ ಒಳ್ಳೇದಾ ಕೆಟ್ಟದ್ದಾ ಅನ್ನೋ ಜಗಳ ಬೇರೆ, ನನಗೆ ಕಾರು ಕಮ್ಮಿ ಆಗೋದೇ ಇಷ್ಟ. ಆದರೆ ಅಷ್ಟು ಭಾರಿ ಬಹುಮತ ಇರೋ ಸಭೆಯಲ್ಲಿ 'ಆ ಕಾಗದ ಓದಿದ್ರಾ' ಅಂತ ಜೋರಾಗಿ ಕೇಳೋರು ಸಾಕಷ್ಟು ಇರಲಿಲ್ಲ, ಅದಕ್ಕೇ ಜನ ಕೈಯಿಂದ ದುಡ್ಡು ಹಾಕಿ ಕೋರ್ಟಿಗೆ ಹೋಗಬೇಕಾಯ್ತು ಅಂತ ನನ್ನ ಅಭಿಪ್ರಾಯ.

ಲೆಸ್ಟರ್ ಮಗಳು

'ನಮ್ಮವರು' ಅನ್ನೋ ವಿಷಯ ಯಾರೂ ಪೂರ್ತಿ ಮಾಡಲಿಲ್ಲ. ನಾನು ಹುಟ್ಟಿ ಬೆಳೆದಿದ್ದು ಲೆಸ್ಟರ್‌ನಲ್ಲಿ, ಅಪ್ಪ ಅಮ್ಮ ಮೈಸೂರಿನವರು. ಕನ್ನಡ ಬರೆಯೋದು ಸ್ವಲ್ಪ ತಪ್ಪಾಗತ್ತೆ, ಕ್ಷಮಿಸಿ.

ನಮ್ಮ ಊರಲ್ಲಿ 2021ರ ಜನಗಣತಿ ಪ್ರಕಾರ ಮೂರರಲ್ಲಿ ಒಬ್ಬರು ಭಾರತೀಯ ಮೂಲದವರು. ಬೆಲ್‌ಗ್ರೇವ್ ಕಡೆ ಹೋದರೆ ಅಂಗಡಿ ಬೋರ್ಡ್ ಗುಜರಾತಿಯಲ್ಲಿ. ಎಲ್ಲ ಪಕ್ಷಗಳೂ ಭಾರತೀಯರನ್ನೇ ನಿಲ್ಲಿಸುತ್ತವೆ, ಹಾಗಾಗಿ ಬರೀ ಹೆಸರು ನೋಡಿದರೆ ಏನೂ ಗೊತ್ತಾಗಲ್ಲ. 2019ರಲ್ಲಿ 54ರಲ್ಲಿ 53 ಲೇಬರ್. 2023ಕ್ಕೆ ಹಲವು ಹಾಲಿ ಕೌನ್ಸಿಲರ್‌ಗಳಿಗೆ ಪಕ್ಷವೇ ಟಿಕೆಟ್ ತಪ್ಪಿಸಿತು, ಒಳಜಗಳ ಬೀದಿಗೆ ಬಂತು. ಫಲಿತಾಂಶ ಲೇಬರ್ 31, 2019ರಲ್ಲಿ ಒಂದೂ ಗೆಲ್ಲದ ಕನ್ಸರ್ವೇಟಿವ್‌ಗೆ 17. ಊರಲ್ಲಿ ಭಾರತೀಯರ ಸಂಖ್ಯೆ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಟಿಕೆಟ್ ಯಾರಿಗೆ ಕೊಟ್ರು ಅನ್ನೋದು.

ಸೇಫ್ ವಾರ್ಡಿನಲ್ಲಿ, ಅಂದ್ರೆ ಒಂದೇ ಪಕ್ಷ ಗೆಲ್ಲೋದು ಖಚಿತ ಇರೋ ಕಡೆ, ನಿಜವಾದ ಚುನಾವಣೆ ಮೇ ತಿಂಗಳಲ್ಲಿ ಅಲ್ಲ. ಅದು ಹಿಂದಿನ ವರ್ಷ ಪಕ್ಷದ ಬ್ರಾಂಚ್ ಮೀಟಿಂಗಲ್ಲಿ, ಒಂದು ಹಾಲ್‌ನಲ್ಲಿ ಬೆರಳೆಣಿಕೆಯ ಸದಸ್ಯರು ಕೂತು ಟಿಕೆಟ್ ಯಾರಿಗೆ ಅಂತ ತೀರ್ಮಾನ ಮಾಡಿದ ಸಂಜೆ ಮುಗಿದಿರುತ್ತೆ. ಅಲ್ಲಿ ನಮ್ಮವರು ಯಾರೂ ಇರಲ್ಲ, ಯಾಕಂದ್ರೆ ನಮ್ಮವರು ಯುಗಾದಿ ಕಾರ್ಯಕ್ರಮದ ರಿಹರ್ಸಲ್‌ನಲ್ಲಿ ಇರ್ತಾರೆ :)

ಕಲಬುರಗಿ ಕಾಕಾ

ಖರೇ ಮಾತು ಹೇಳಿದಿ ಮಗಳ. ಗುಜರಾತಿ ಮಂದಿ ಒಂದೇ ಓಣ್ಯಾಗ ಇರ್ತಾರ, ಪಂಜಾಬಿ ಮಂದಿ ಸೌತಾಲ್‌ನಾಗ ಇರ್ತಾರ. ನಾವು ಎಲ್ಲಾ ಕಡೀ ಹರಡೇವಿ. ಸ್ಲೌದಾಗ ಹತ್ತು ಮನಿ, ಹೌನ್ಸ್ಲೋದಾಗ ಹತ್ತು ಮನಿ. ಯಾವ ವಾರ್ಡಿನಾಗೂ ನಮ್ಮ ವೋಟಿನಿಂದ ಮಂದಿ ಗೆಲ್ಲೂದು ಆಗೂದಿಲ್ಲ. ಪಾಟೀಲರು ಗೆದ್ದದ್ದೂ ಲ್ಯಾಂಬೆತ್ ಮಂದಿ ವೋಟಿನಿಂದ, ಕನ್ನಡದವರ ವೋಟಿನಿಂದ ಅಲ್ಲ. ಆದರೂ ಒಬ್ಬ ಕನ್ನಡದ ಹುಡುಗಿ ನಿಂತ್ರ ನನ್ನ ಕೈ ತಡೀಲಾರದು, ಅದು ಬ್ಯಾರೆ ಮಾತು.

ಹೊಸಪೇಟೆ ಹುಡುಗ

ನಿಲ್ಲೋದಕ್ಕೆ ಏನು ಬೇಕು? ದುಡ್ಡು ಎಷ್ಟು ಬೇಕು? ನಮ್ಮ ಕಡೆ ಗ್ರಾಮ ಪಂಚಾಯಿತಿಗೇ ಲಕ್ಷಗಟ್ಟಲೆ ಸುರೀತಾರೆ.

ರೆಡಿಂಗ್ ರಾಯರು

ಕೌನ್ಸಿಲ್ ಚುನಾವಣೆಗೆ ಠೇವಣಿ ಇಲ್ಲ. ಪಾರ್ಲಿಮೆಂಟಿಗಾದರೆ 500 ಪೌಂಡ್. ವಾರ್ಡಿನ ಪಟ್ಟಿಯಲ್ಲಿರುವ ಇಬ್ಬರು ಸೂಚಕ, ಅನುಮೋದಕ ಎಂದು ಸಹಿ ಹಾಕಿದರೆ ಸಾಕು, ಮೊದಲು ಹತ್ತು ಜನ ಬೇಕಿತ್ತು. ಖರ್ಚಿಗೆ ಮಿತಿ ಇದೆ: 960 ಪೌಂಡ್, ಜೊತೆಗೆ ವಾರ್ಡಿನ ಮತದಾರರ ತಲೆಗೆ 8 ಪೆನ್ಸ್. ಹತ್ತು ಸಾವಿರ ಮತದಾರರ ವಾರ್ಡಿಗೆ 1,760 ಪೌಂಡ್. ಮೂವರು ಒಂದೇ ಪಕ್ಷದಿಂದ ಒಟ್ಟಾಗಿ ಪ್ರಚಾರ ಮಾಡಿದರೆ ತಲೆಗೆ ಇನ್ನೂ ಕಡಿಮೆ. ಕರಪತ್ರ ಮುದ್ರಿಸುವುದರಲ್ಲೇ ಮುಗಿಯುತ್ತದೆ, ಬಿರಿಯಾನಿಗೆ ಉಳಿಯುವುದಿಲ್ಲ.

ಒಂದು ವಿಷಯ ಗಮನಿಸಿ. ಮತ ಹಾಕಲು ಯಾವ ವೀಸಾ ಇದ್ದರೂ ಸಾಕು, ನಿಲ್ಲಲು ಮಾತ್ರ ಸಾಲದು. ಕಾಮನ್‌ವೆಲ್ತ್ ಪ್ರಜೆ ಇಂಗ್ಲೆಂಡಿನಲ್ಲಿ ನಿಲ್ಲಬೇಕಾದರೆ ಕಾಯಂ ವಾಸದ ಅನುಮತಿ, ಅಂದರೆ ಐಎಲ್‌ಆರ್ ಇರಬೇಕು. ಅದೇ ಕೌನ್ಸಿಲ್‌ನಲ್ಲಿ ನೌಕರರಾಗಿದ್ದರೂ ನಿಲ್ಲುವಂತಿಲ್ಲ. ಗೆದ್ದ ಮೇಲೆ ಸಂಬಳ ಇಲ್ಲ, ಭತ್ಯೆ ಮಾತ್ರ. ಅದರಲ್ಲಿ ಲಂಡನ್ನಿನ ಬಾಡಿಗೆ ಕಟ್ಟಲಾಗುವುದಿಲ್ಲ. ಸಂಜೆ ಸಭೆಗಳು, ವಾರಾಂತ್ಯದ ಸರ್ಜರಿ. ಚಿಕ್ಕ ಮಕ್ಕಳಿರುವವರು, ಎರಡು ಪಾಳಿ ದುಡಿಯುವವರು ಕೌನ್ಸಿಲ್‌ಗಳಲ್ಲಿ ಕಡಿಮೆ ಇರುವುದಕ್ಕೆ ಇದೇ ಕಾರಣ ಎನ್ನಿಸುತ್ತದೆ. ಆರು ತಿಂಗಳು ಒಂದೂ ಸಭೆಗೆ ಬರದಿದ್ದರೆ ಸೀಟೇ ಹೋಗುತ್ತದೆ.

ಬಸವನಗುಡಿ ಟು ಸ್ಟ್ರೆಟಮ್

ಆರು ತಿಂಗಳು ಬರದಿದ್ರೆ ಸೀಟು ಹೋಗುತ್ತಾ! ನಮ್ಮ ಬೆಂಗಳೂರಲ್ಲಿ ಸೀಟೇ ಇಲ್ವಲ್ಲ.

ಹೊಸಪೇಟೆ ಹುಡುಗ

ಹೌದು ಅಕ್ಕ. ಬಿಬಿಎಂಪಿಗೆ ಕೊನೆಯ ಚುನಾವಣೆ 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗೀತು, ಅಲ್ಲಿಂದ ಆಡಳಿತಾಧಿಕಾರಿಗಳದೇ ದರ್ಬಾರು. ಈಗ ಪಾಲಿಕೆಯನ್ನೇ ಐದು ಮಾಡಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂದಿದ್ದಾರೆ, 369 ವಾರ್ಡು.

ಟೂಟಿಂಗ್ ತಿಮ್ಮ

ಒಂದು ಲೆಕ್ಕ ಹಾಕಿದೆ. 2011ರ ಜನಗಣತಿಯಲ್ಲಿ ಬಿಬಿಎಂಪಿ ಜನಸಂಖ್ಯೆ 84 ಲಕ್ಷ, ವಾರ್ಡು 198. ಒಬ್ಬ ಕಾರ್ಪೊರೇಟರ್‌ಗೆ 42 ಸಾವಿರ ಜನ. ಲ್ಯಾಂಬೆತ್‌ನಲ್ಲಿ 2021ರಲ್ಲಿ 3.17 ಲಕ್ಷ ಜನ, 63 ಕೌನ್ಸಿಲರ್. ಒಬ್ಬರಿಗೆ 5 ಸಾವಿರ. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬರಿಗೆ 11 ಸಾವಿರ, ಇಂಗ್ಲೆಂಡಿನ ನಗರಗಳ ಮಟ್ಟಿಗೆ ಅದು ದೊಡ್ಡ ಸಂಖ್ಯೆ. 369 ವಾರ್ಡು ಆದ ಮೇಲೂ ಬೆಂಗಳೂರಲ್ಲಿ ಒಬ್ಬರಿಗೆ ಹಳೇ ಜನಗಣತಿ ಲೆಕ್ಕದಲ್ಲೇ 22 ಸಾವಿರದ ಮೇಲೆ. ಇಲ್ಲಿ ನಾವು ಇಮೇಲ್‌ಗೆ ಉತ್ತರ ಬಂದಿಲ್ಲ ಅಂತ ಗೊಣಗ್ತೀವಿ.

ರೆಡಿಂಗ್ ರಾಯರು

ತಿಮ್ಮಾ, ನಿನ್ನ ಲೆಕ್ಕದಲ್ಲಿ ಒಂದು ಎಳೆ ಬಿಟ್ಟುಹೋಗಿದೆ. ಇಲ್ಲಿ ವಾರ್ಡಿನ ಗಡಿ ಹಾಕುವ ಗಡಿ ಆಯೋಗ ಎಣಿಸುವುದು ವಾಸಿಸುವ ಜನರನ್ನಲ್ಲ, ಪಟ್ಟಿಯಲ್ಲಿರುವ ಮತದಾರರನ್ನು. ಬಾಡಿಗೆ ಮನೆಗಳೇ ತುಂಬಿರುವ, ಜನ ಬಂದು ಹೋಗುವ, ಅರ್ಧ ಮಂದಿ ನೋಂದಾಯಿಸದ ಕಡೆ ಕಾಗದದಲ್ಲಿ ಜನ ಕಡಿಮೆ ಕಾಣುತ್ತಾರೆ. ಹಾಗಾಗಿ ಅಲ್ಲಿನ ವಾರ್ಡು ನೆಲದಲ್ಲಿ ದೊಡ್ಡದಾಗುತ್ತದೆ, ಅಲ್ಲಿನ ಕೌನ್ಸಿಲರ್‌ಗೆ ಹೊರೆ ಹೆಚ್ಚು. ಸ್ವಂತ ಮನೆಯ ಹಿರಿಯರೇ ಇರುವ ಬಡಾವಣೆಯಲ್ಲಿ ಎಲ್ಲರ ಹೆಸರೂ ಪಟ್ಟಿಯಲ್ಲಿ, ಅವರಿಗೆ ತಲೆಗೆ ಹೆಚ್ಚು ಪ್ರಾತಿನಿಧ್ಯ. ನೀವು ಮತ ಹಾಕಲು ಹೋಗದಿದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ನಿಮ್ಮ ಬೀದಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಯಾರಿಗೆ ಮತ ಎಂದು ಹೊಡೆದಾಡುವವರಲ್ಲಿ ಎಷ್ಟು ಜನ ನೋಂದಾಯಿಸಿದ್ದೀರಿ ಎಂದು ಕೇಳಿದೆ. ಗುಂಪು ಆ ದಿನ ಬಹಳ ಶಾಂತವಾಗಿತ್ತು.

ವೇದಿಕೆ ನಿರ್ವಾಹಕರು

ಯಾವ ಪಕ್ಷಕ್ಕೆ ಹಾಕಿ ಎಂದು ಹೇಳುವ ಎರಡು ಬರಹಗಳನ್ನು ತೆಗೆದಿದ್ದೇವೆ. ನಿಯಮ, ಪದ್ಧತಿ, ಅನುಭವ ಬರೆಯಿರಿ.

ಲೆಸ್ಟರ್ ಮಗಳು

ವಿದ್ಯಾರ್ಥಿಗಳಿಗೆ ಒಂದು ಟಿಪ್. ಮನೆ ವಿಳಾಸ ಮತ್ತು ಯೂನಿವರ್ಸಿಟಿ ವಿಳಾಸ ಎರಡರಲ್ಲೂ ನೋಂದಾಯಿಸಬಹುದು. ಎರಡೂ ಬೇರೆ ಬೇರೆ ಕೌನ್ಸಿಲ್ ಆದರೆ ಎರಡು ಕಡೆಯೂ ಕೌನ್ಸಿಲ್ ಚುನಾವಣೆಗೆ ಮತ ಹಾಕಬಹುದು. ಪಾರ್ಲಿಮೆಂಟಿಗೆ ಮಾತ್ರ ಒಂದೇ ಕಡೆ.

ಬಸವನಗುಡಿ ಟು ಸ್ಟ್ರೆಟಮ್

ಇಬ್ಬರೂ ನೋಂದಾಯಿಸಿ ಆಯ್ತು, ಹೆಸರು ಪಾಸ್‌ಪೋರ್ಟಿನ ಪ್ರಕಾರ. ಇನ್ನೆರಡು ಸಣ್ಣ ಪ್ರಶ್ನೆ. ಮತಗಟ್ಟೆ ಹೊರಗೆ ಬಣ್ಣದ ಹೂ ಸಿಕ್ಕಿಸಿಕೊಂಡವರು ಮತದಾರರ ಪಟ್ಟಿಯ ನಂಬರ್ ಕೇಳ್ತಾರಂತೆ, ಕೊಡಲೇಬೇಕಾ? ಬೆರಳಿಗೆ ಮಸಿ ಹಾಕ್ತಾರಾ?

ಕುಡ್ಲದ ನರ್ಸ್, ಹೌನ್ಸ್ಲೋ

ಕೊಡಬೇಕಾಗಿಲ್ಲ. ಅವರು ಪಕ್ಷದವರು, ಟೆಲ್ಲರ್ ಅಂತಾರೆ. ತಮ್ಮ ಬೆಂಬಲಿಗರಲ್ಲಿ ಯಾರು ಇನ್ನೂ ಬಂದಿಲ್ಲ ಅಂತ ನೋಡಿ ಸಂಜೆ ಬಾಗಿಲು ತಟ್ಟಲಿಕ್ಕೆ ಆ ನಂಬರ್. ಮಸಿ ಇಲ್ಲ, ಮೈಸೂರಿನ ಮಸಿ ಇಲ್ಲಿ ತನಕ ಬಂದಿಲ್ಲ. ಒಳಗೆ ದಾರ ಕಟ್ಟಿದ ಪೆನ್ಸಿಲ್ ಇರ್ತದೆ. ಬೇಕಾದ್ರೆ ನಿಮ್ಮದೇ ಪೆನ್ನು ತಗೊಂಡು ಹೋಗಿ. ಬೆಳಿಗ್ಗೆ 7ರಿಂದ ರಾತ್ರಿ 10ರ ತನಕ ಉಂಟು, ಸರತಿಯಲ್ಲಿ ನಾಯಿಗಳೂ ಇರ್ತವೆ.

ಕಲಬುರಗಿ ಕಾಕಾ

ತಂಗಿ, ಮತ ಹಾಕಿದ ಮ್ಯಾಲ ಬಸ್ ಹಿಡಿದು ವಾಕ್ಸಾಲ್‌ಗೆ ಹೋಗಿ ಬಸವಣ್ಣನವರನ್ನ ನೋಡಿ ಬಾ. ಹೋಗೂದಿದ್ರ ಮೊದಲ ಹೇಳು, ನಾನೂ ಬರ್ತೀನಿ.

ಹೊಸಪೇಟೆ ಹುಡುಗ

ಏಪ್ರಿಲ್ 20 ದಾಟಿದರೆ ಏನಾದ್ರೂ ದಾರಿ ಇದೆಯಾ? ನಮ್ಮ ರೂಮ್‌ಮೇಟ್ ಅದೇ ವಾರ ಮನೆ ಬದಲಾಯಿಸ್ತಿದ್ದಾನೆ.

ರೆಡಿಂಗ್ ರಾಯರು

ಇಲ್ಲ. ಹೊಸ ವಿಳಾಸಕ್ಕೆ ಈ ಚುನಾವಣೆಯಲ್ಲಿ ಮತ ಬೇಕಾದರೆ ಆ ದಿನದೊಳಗೆ ಅರ್ಜಿ ಹಾಕಿರಬೇಕು. ಹಳೆಯ ವಿಳಾಸದ ಪಟ್ಟಿಯಲ್ಲಿ ಈಗಾಗಲೇ ಹೆಸರಿದೆಯೇ ಎಂದು ಮೊದಲು ಆ ಕೌನ್ಸಿಲ್‌ನ ಚುನಾವಣಾ ವಿಭಾಗಕ್ಕೆ ಫೋನ್ ಮಾಡಿ ಕೇಳಲು ಹೇಳಿ.